ಪಂಚ್ ಪಾನೀಯವೂ ಪಂಚದ್ರವ್ಯವಾದವೂ: ಒಂದು ಐತಿಹಾಸಿಕ ವಿಮರ್ಶೆ

೧

ಮದ್ಯ, ಸಕ್ಕರೆ, ನಿಂಬೆಯ ರಸ, ನೀರು, ಸಂಬಾರ ಎಂಬ ಐದು ದ್ರವ್ಯಗಳನ್ನು ಒಂದು ದೊಡ್ಡ ಬೋಗುಣಿಯಲ್ಲಿ ಕಲಸಿ, ಸೌಟಿನಿಂದ ಬಟ್ಟಲುಗಳಿಗೆ ಹಂಚಿ ಕುಡಿಯುತ್ತಿದ್ದ ಪಾನೀಯವೊಂದು ಹದಿನೇಳನೆಯ ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಸೂರತ್ತಿನಿಂದ ಲಂಡನ್ನಿನವರೆಗೆ ಪ್ರಸಿದ್ಧವಾಗಿತ್ತು. ಅದರ ಹೆಸರು ಪಂಚ್. ಇಂದು ಮನೆಗಳಲ್ಲಿ ನಿಂಬೆರಸಕ್ಕೆ ಶುಂಠಿಯನ್ನೋ ಮೆಣಸಿನಕಾಯಿಯನ್ನೋ ಸೇರಿಸಿ ಮಾಡಿಕೊಳ್ಳುವ ಖಾರದ ಮಿಶ್ರಪಾನೀಯಗಳಿಗೆಲ್ಲ ಇದನ್ನು ಪೂರ್ವಜನೆಂದು ಕರೆದರೆ ತಪ್ಪಾಗಲಾರದು. ಈ ಹೆಸರು ನಮ್ಮ 'ಪಂಚ' ಶಬ್ದದಿಂದ ಹುಟ್ಟಿತು, ಐದು ದ್ರವ್ಯಗಳಿರುವುದರಿಂದ ಹಾಗೆ ಕರೆದರು, ಆದುದರಿಂದ ಈ ಪಾನೀಯವು ಭಾರತೀಯರದೇ ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ೧೮೮೬ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ಕೋಶವೂ ಇದೇ ನಿಷ್ಪತ್ತಿಯನ್ನು ಹೇಳಿರುವುದರಿಂದ ಆ ಮಾತಿಗೆ ಪ್ರಮಾಣದ ಮುದ್ರೆ ಬಿದ್ದಂತಾಯಿತು.

ಪಾನೀಯವನ್ನು ಹೊಗಳುವುದಾಗಲಿ ತೆಗಳುವುದಾಗಲಿ ನಮ್ಮ ಉದ್ದೇಶವಲ್ಲ. ಒಂದು ಶಬ್ದದ ನಿಷ್ಪತ್ತಿಯನ್ನು ಒಂದು ವಸ್ತುವಿನ ಚರಿತ್ರೆಯೆಂದು ತಿಳಿಯುವುದು ಎಷ್ಟರ ಮಟ್ಟಿಗೆ ಸರಿ ಎಂಬುದೇ ಇಲ್ಲಿಯ ಪ್ರಶ್ನೆ. ಕನ್ನಡ ಲಿಪಿಯಲ್ಲಿ 'ಪಂಚ್' ಎಂದು ಬರೆದೊಡನೆಯೇ ಪಂಚಾಮೃತ, ಪಂಚಕಜ್ಜಾಯಗಳು ನೆನಪಿಗೆ ಬಂದು, ಸಂಬಂಧವು ಸ್ವತಸ್ಸಿದ್ಧವೆಂಬಂತೆ ತೋರುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು.

೨

ಮೊದಲು ಸಾಕ್ಷಿಗಳನ್ನು ಕಾಲಾನುಕ್ರಮದಲ್ಲಿ ವಿಚಾರಿಸೋಣ. ಪಂಚ್ ಎಂಬ ಹೆಸರು ಇಂಗ್ಲಿಷ್ ಬರಹದಲ್ಲಿ ಕಾಣುವ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಒಂದು ೧೬೩೨ರದು. ಈಸ್ಟ್ ಇಂಡಿಯಾ ಕಂಪನಿಯ ನೌಕರನಾದ ರಾಬರ್ಟ್ ಆಡಮ್ಸ್ ಎಂಬವನು ತೆಲುಗು ಕರಾವಳಿಯ ಪೇಟಪೋಲಿಯಲ್ಲಿ, ಎಂದರೆ ಇಂದಿನ ನಿಜಾಂಪಟ್ಟಣದಲ್ಲಿ, ಇದ್ದ ತನ್ನ ಸಹೋದ್ಯೋಗಿಗೆ ಬರೆದ ಪತ್ರದಲ್ಲಿ ಅದು ಬಂದಿದೆ. ಆ ಪಾನೀಯವೆಂದರೆ ಏನೆಂದು ಅವನು ವಿವರಿಸುವುದಿಲ್ಲ. ಬರೆದವನಿಗೂ ಓದುವವನಿಗೂ ಅದು ಆಗಲೇ ಪರಿಚಿತವಾಗಿತ್ತೆಂದು ಇದರಿಂದ ಊಹಿಸಬಹುದು.

೧೬೩೮ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೋ ಕೊಡುವ ಚಿತ್ರ ಇನ್ನೂ ಸ್ಪಷ್ಟವಾಗಿದೆ. ಅಲ್ಲಿಯ ಇಂಗ್ಲಿಷ್ ಕೋಠಿಯ ಅಧ್ಯಕ್ಷನೂ ಅವನ ಬಂಧುಗಳಾದ ಕೆಲವು ವರ್ತಕರೂ ತಮ್ಮ ಪತ್ನಿಯರನ್ನು ಸ್ವದೇಶದಲ್ಲಿಯೇ ಬಿಟ್ಟು ಬಂದವರು. ತಾವು ಇಂಗ್ಲೆಂಡಿನಿಂದ ಹೊರಟ ವಾರವು ಶುಕ್ರವಾರವಾದುದರಿಂದ, ಪ್ರತಿ ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಒಟ್ಟಿಗೆ ಕುಳಿತು ಪತ್ನಿಯರ ಆರೋಗ್ಯವನ್ನು ಕೋರಿ ಕುಡಿಯುತ್ತಿದ್ದರು. ಅವರವರಿಗೆ ಬೇಕಾದುದನ್ನು ಬೇಕಾದಂತೆ ಬೆರೆಸಿಕೊಳ್ಳುವ ಸ್ವಾತಂತ್ರ್ಯ ಆ ಕೂಟದಲ್ಲಿತ್ತು. ಅಲ್ಲಿ ಕುಡಿಯುತ್ತಿದ್ದ ಪಾನೀಯಗಳಲ್ಲಿ ಒಂದನ್ನು ಮಾಂಡೆಲ್ಸ್ಲೋ 'ಪಾಲೆಪುಂಟ್ಸ್' ಎಂದು ಹೆಸರಿಸಿ, ಅದರಲ್ಲಿ ಮದ್ಯಸಾರ, ಪನ್ನೀರು, ನಿಂಬೆಯ ಜಾತಿಯ ಹಣ್ಣಿನ ರಸ, ಸಕ್ಕರೆ ಇರುತ್ತವೆಂದು ಹೇಳುತ್ತಾನೆ. ಮನೆಯಿಂದ ಸಾವಿರಾರು ಹರದಾರಿ ದೂರವಿದ್ದವರು ಮನೆಯನ್ನು ನೆನೆಯುತ್ತ ಕಲಸಿಕೊಂಡ ಪಾನೀಯವಿದು ಎಂಬುದನ್ನು ವಾಚಕರು ಗಮನಿಸಬೇಕು.

ಫ್ರೆಂಚ್ ಪ್ರವಾಸಿ ಬುಲ್ಲೇ-ಲ-ಗೂಜ್ ತನ್ನ ಪ್ರವಾಸಗ್ರಂಥವನ್ನು ೧೬೫೩ರಲ್ಲಿ ಪ್ರಕಟಿಸಿದನು. ಅವನು ಈ ಪಾನೀಯವನ್ನು 'ಬೊಲ್ಲೆಪೊಂಜ್' ಎಂದು ಕರೆದು, ಸಕ್ಕರೆ, ನಿಂಬೆಯ ರಸ, ಮದ್ಯಸಾರ, ಜಾಪತ್ರೆ, ಸುಟ್ಟ ಬಿಸ್ಕತ್ತು ಇವು ಅದರ ದ್ರವ್ಯಗಳೆನ್ನುತ್ತಾನೆ. ಇಷ್ಟೇ ಅಲ್ಲದೆ, ಈ ಶಬ್ದವು ಇಂಗ್ಲಿಷಿನದು, ಈ ಪಾನೀಯವನ್ನು ಇಂಡಿಯಾದಲ್ಲಿರುವ ಇಂಗ್ಲಿಷರು ಬಳಸುತ್ತಾರೆ ಎಂದೂ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಮೊಗಲ ಸಾಮ್ರಾಜ್ಯದಲ್ಲಿ ಹಲವು ವರ್ಷ ನೆಲೆಸಿದ್ದ ವೈದ್ಯ ಬರ್ನಿಯರ್, ಬಂಗಾಳದ 'ಬೂಲ್‌ಪೊಂಜ್' ಅನ್ನು ವರ್ಣಿಸುತ್ತ, ಬೆಲ್ಲದಿಂದ ಭಟ್ಟಿ ಇಳಿಸಿದ ಸಾರಾಯಿ, ನಿಂಬೆಯ ರಸ, ನೀರು, ಜಾಯಿಕಾಯಿ ಎಂದು ನಾಲ್ಕನ್ನು ಎಣಿಸುತ್ತಾನೆ. ಇಂಗ್ಲಿಷರೂ ಡಚ್ಚರೂ ತಮ್ಮ ನಾವಿಕರ ಈ ಪಾನಕ್ಕೆ ಕಡಿವಾಣ ಹಾಕಿದ ಮೇಲೆ ಅವರಲ್ಲಿ ರೋಗವೂ ಮರಣವೂ ಕಡಿಮೆಯಾದವೆಂಬುದು ಅವನ ಅಭಿಪ್ರಾಯ.

ಪಂಚದ್ರವ್ಯವಾದದ ಮೂಲಪುರುಷನೆನ್ನಬಹುದಾದವನು ಕಂಪನಿಯ ಶಸ್ತ್ರವೈದ್ಯ ಜಾನ್ ಫ್ರೈಯರ್. ೧೬೭೦ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲೆಲ್ಲ ಸಂಚರಿಸಿ, ನಮ್ಮ ಕಾರವಾರ, ಗೋಕರ್ಣಗಳನ್ನೂ ಕಂಡು ಬರೆದ ಈತನ ಗ್ರಂಥ ೧೬೯೮ರಲ್ಲಿ ಅಚ್ಚಾಯಿತು. ಗೋವೆಯ ಬಳಿಯ ನೆರೂಲಿನಲ್ಲಿ ದೊರೆಯುವ ಉತ್ತಮವಾದ ಸಾರಾಯಿಯಿಂದ ಈ ಕರಾವಳಿಯ ಇಂಗ್ಲಿಷರು ಪಂಚ್ ತಯಾರಿಸುತ್ತಾರೆ, ಅದು ದೇಹವನ್ನು ಬಳಲಿಸುವ ಪಾನೀಯ, ಹಿಂದುಸ್ತಾನಿಯಲ್ಲಿ ಆ ಶಬ್ದಕ್ಕೆ ಐದು ಎಂಬ ಅರ್ಥವಿದೆ, ಐದು ದ್ರವ್ಯಗಳಿರುವುದರಿಂದ ಆ ಹೆಸರು ಬಂದಿದೆ ಎಂಬುದು ಅವನ ಹೇಳಿಕೆಯ ಸಾರಾಂಶ. ಯುರೋಪಿನ ವೈದ್ಯರು ಐದು ಮೂಲಿಕೆಗಳ ಔಷಧಕ್ಕೆ ಗ್ರೀಕಿನಲ್ಲಿ 'ಡಯಾಪೆಂಟೆ' ಎಂದೂ ನಾಲ್ಕರ ಔಷಧಕ್ಕೆ 'ಡಯಾಟೆಸ್ಸರಾನ್' ಎಂದೂ ಹೆಸರಿಡುವುದಕ್ಕೆ ಅವನು ಇದನ್ನು ಹೋಲಿಸುತ್ತಾನೆ. ವೈದ್ಯನಾದವನಿಗೆ ಈ ಹೋಲಿಕೆ ಹೊಳೆದುದು ಸಹಜವೇ. ಆದರೆ ಹೊಳೆದ ಹೋಲಿಕೆ ಬೇರೆ, ಕಂಡು ಕೇಳಿದ ಸಂಗತಿ ಬೇರೆ.

೩

ಮೇಲಿನ ಸಾಕ್ಷಿಗಳನ್ನು ಕೂಡಿಸಿ ನೋಡಿದರೆ ದ್ರವ್ಯಗಳ ಸಂಖ್ಯೆ ಒಂದೇ ಆಗಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಮಾಂಡೆಲ್ಸ್ಲೋವಿನಲ್ಲಿ ನಾಲ್ಕು, ಬರ್ನಿಯರನಲ್ಲಿ ನಾಲ್ಕು. ಬುಲ್ಲೇ-ಲ-ಗೂಜನಲ್ಲಿ ಐದು ಇದ್ದರೂ ನೀರು ಇಲ್ಲದೆ ಬಿಸ್ಕತ್ತು ಸೇರಿದೆ. ಇಂಗ್ಲೆಂಡಿನಲ್ಲಿ ಹನ್ನಾ ವುಲಿ ಎಂಬ ಗೃಹಶಾಸ್ತ್ರದ ಲೇಖಕಿ ತಿಳಿಸಿದ ವಿಧಾನದಲ್ಲಿ ಕೆಂಪು ದ್ರಾಕ್ಷಾಮದ್ಯ, ಬ್ರಾಂಡಿ, ಜಾಯಿಕಾಯಿ, ಸಕ್ಕರೆ, ನಿಂಬೆರಸ ಎಂದು ಐದಿವೆ, ಅಲ್ಲಿಯೂ ನೀರಿಲ್ಲ.

ಇಷ್ಟರಿಂದಲೇ ಪಂಚದ್ರವ್ಯವಾದವು ಬಿದ್ದುಹೋಯಿತೆಂದು ಹೇಳುವುದು ಆತುರವಾದೀತು. ಎಣಿಸುವವನು ಯಾರು, ಯಾವ ಉದ್ದೇಶದಿಂದ ಎಣಿಸುತ್ತಾನೆ ಎಂಬುದನ್ನು ನೋಡದೆ ಎಣಿಕೆಯನ್ನು ಪ್ರಮಾಣವಾಗಿ ಸ್ವೀಕರಿಸಲಾಗದು. ಇದಕ್ಕೆ ಮುಂಬಯಿ ಸರಕಾರದ ೧೬೯೪ರ ಆಜ್ಞೆಯೊಂದು ಉತ್ತಮ ನಿದರ್ಶನವಾಗಿದೆ. ಊಟದ ಮನೆಗೆ ಪಂಚ್ ಕುಡಿಯಲು ಬಂದ ಯಾವನೇ ಆಗಲಿ, ಒಂದು ಕ್ವಾರ್ಟ್ ಒಳ್ಳೆಯ ಗೋವೆಯ ಸಾರಾಯಿ, ಅರ್ಧ ಪೌಂಡ್ ಸಕ್ಕರೆ, ಅರ್ಧ ಪೈಂಟ್ ನಿಂಬೆರಸ ಇವುಗಳನ್ನು ಕೇಳಿ ಪಡೆದು, ತನ್ನ ಪಂಚನ್ನು ತಾನೇ ಕಲಸಿಕೊಳ್ಳಬಹುದೆಂದು ಆ ಆಜ್ಞೆ ವಿಧಿಸಿತು. ಇಂದಿನ ಅಳತೆಯಲ್ಲಿ ಇವು ಸುಮಾರು ೯೫೦ ಮಿಲಿಲೀಟರ್ ಸಾರಾಯಿ, ೨೨೫ ಗ್ರಾಂ ಸಕ್ಕರೆ, ೨೩೫ ಮಿಲಿಲೀಟರ್ ರಸ ಆಗುತ್ತವೆ. ಎಂದರೆ ಸಾರಾಯಿ ನಾಲ್ಕು ಪಾಲು, ಹುಳಿ ಒಂದು ಪಾಲು.

ಇಲ್ಲಿ ಹೇಳಿರುವುದು ಮೂರೇ ದ್ರವ್ಯಗಳು. ಹಾಗೆಂದು ಮುಂಬಯಿಯವರು ನೀರಿಲ್ಲದೆ ಕುಡಿದರೆಂದು ತಿಳಿಯಬೇಕಾಗಿಲ್ಲ. ಆಜ್ಞೆಯು ಬೆಲೆಯುಳ್ಳ ವಸ್ತುಗಳನ್ನು ಮಾತ್ರ ಹೆಸರಿಸುತ್ತದೆ, ನೀರಿಗೆ ಬೆಲೆಯಿಲ್ಲ. ಮಾರುವವನು ಕಳಪೆ ಸಾರಾಯಿಯನ್ನು ಸಕ್ಕರೆ ಮತ್ತು ಹುಳಿಗಳಲ್ಲಿ ಮರೆಸಿ ಕೊಡಲು ಅವಕಾಶವಿದ್ದುದರಿಂದ, ದ್ರವ್ಯಗಳನ್ನು ಬಿಡಿಬಿಡಿಯಾಗಿ ಪಡೆಯುವ ಹಕ್ಕು ಗ್ರಾಹಕನಿಗೆ ರಕ್ಷಣೆಯಾಗಿತ್ತು. ವರ್ತಕನು ಬೆಲೆಯನ್ನು ಎಣಿಸುತ್ತಾನೆ, ವೈದ್ಯನು ಯೋಗವನ್ನು ಎಣಿಸುತ್ತಾನೆ, ಪ್ರವಾಸಿಯು ತನಗೆ ಹೊಸದಾಗಿ ಕಂಡುದನ್ನು ಎಣಿಸುತ್ತಾನೆ. ಆದುದರಿಂದ ಸಂಖ್ಯೆಯ ಆಧಾರದ ಮೇಲೆ ಈ ವಾದವನ್ನು ಸ್ಥಾಪಿಸಲೂ ಬರುವುದಿಲ್ಲ, ಖಂಡಿಸಲೂ ಬರುವುದಿಲ್ಲ.

ನಿರ್ಣಯಕ್ಕೆ ಹೆಚ್ಚು ನೆರವಾಗುವುದು ಉಚ್ಚಾರಣೆ. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲಿಷರು ಈ ಶಬ್ದವನ್ನು 'ಪುಂಚ್' ಎಂಬುದಕ್ಕೆ ಸಮೀಪವಾಗಿ ನುಡಿಯುತ್ತಿದ್ದರು. ಜರ್ಮನನ ಕಿವಿಗೆ ಅದು 'ಪುಂಟ್ಸ್' ಎಂದೂ ಫ್ರೆಂಚರ ಕಿವಿಗೆ 'ಪೊಂಜ್' ಎಂದೂ ಕೇಳಿಸಿದೆ. ಹಿಂದುಸ್ತಾನಿಯ 'ಪಾಂಚ್' ಆಗಲಿ ಪಾರಸಿಯ 'ಪಂಜ್' ಆಗಲಿ ಹೀಗೆ ಕೇಳಿಸುವ ಸಂಭವವಿಲ್ಲ. ಪಂಜಾಬ್ ಎಂಬ ಹೆಸರನ್ನೂ ಇಂಗ್ಲಿಷರು ಅದೇ 'ಯು' ಅಕ್ಷರದಿಂದ ಬರೆಯುತ್ತಾರಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಬರಹದ ಪದ್ಧತಿ, ಇಂಗ್ಲಿಷಿನ ಆ ಸ್ವರವು ಬದಲಾಗಿ 'ಅ'ಕಾರಕ್ಕೆ ಹತ್ತಿರವಾದ ಮೇಲಿನದು. 'ಪಾಲೆ', 'ಬೊಲ್ಲೆ', 'ಬೂಲ್' ಎಂಬ ಪೂರ್ವಪದಗಳಾದರೋ ಇಂಗ್ಲಿಷಿನ 'ಬೋಲ್', ಎಂದರೆ ಬೋಗುಣಿ, ಎಂಬುದರ ರೂಪಾಂತರಗಳೇ. 'ಒಂದು ಬೋಗುಣಿ ಪಂಚ್' ಎಂಬ ಇಂಗ್ಲಿಷ್ ಮಾತನ್ನೇ ಪರದೇಶೀಯರು ಇಡಿಯಾಗಿ ಹೆಸರೆಂದು ಗ್ರಹಿಸಿದ್ದಾರೆ. ದೊಡ್ಡ ಪೀಪಾಯಿಗೆ ಇಂಗ್ಲಿಷಿನಲ್ಲಿರುವ 'ಪಂಚನ್' ಎಂಬ ಹೆಸರು ನಾವಿಕರ ಬಾಯಲ್ಲಿ ಮೊಟಕಾಗಿ ಹೀಗಾಯಿತೆಂಬ ಇನ್ನೊಂದು ಊಹೆಯಿದೆ. ಅದೂ ಊಹೆಯ ಮಟ್ಟವನ್ನು ದಾಟಿಲ್ಲ. ಹೀಗಿರುವಲ್ಲಿ ಫ್ರೈಯರನ ವಿವರಣೆಯನ್ನು, ಹೆಸರು ಬಳಕೆಗೆ ಬಂದ ಎಷ್ಟೋ ವರ್ಷಗಳ ಮೇಲೆ ವಿದ್ಯಾವಂತನೊಬ್ಬನು ಕಲ್ಪಿಸಿದ ರಮ್ಯವಾದ ವ್ಯಾಖ್ಯಾನವೆಂದು ಭಾವಿಸುವುದು ಯುಕ್ತವಾಗಿ ತೋರುತ್ತದೆ.

೪

ಹಾಗಾದರೆ ಈ ಪಾನೀಯದಲ್ಲಿ ಭಾರತದ ಪಾಲು ಏನೂ ಇಲ್ಲವೇ? ಇದೆ; ಆದರೆ ಅದನ್ನು ಹೆಸರಿನಲ್ಲಿ ಹುಡುಕದೆ ದ್ರವ್ಯಗಳಲ್ಲಿಯೂ ಕಲಸುವ ಕ್ರಮದಲ್ಲಿಯೂ ಹುಡುಕಬೇಕು.

ಮದ್ಯಕ್ಕೆ ಸಂಬಾರವನ್ನು ಸೇರಿಸುವುದು ನಮ್ಮಲ್ಲಿ ಬಹು ಪ್ರಾಚೀನ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮೈರೇಯವೆಂಬ ಮದ್ಯಕ್ಕೆ ಬೆಲ್ಲದೊಡನೆ ಹಿಪ್ಪಲಿ, ಮೆಣಸುಗಳನ್ನು ಹೇಳಿದೆ. ಮದ್ಯವಿಲ್ಲದ ಪಾನೀಯಗಳ ಪರಂಪರೆಯೂ ಅಷ್ಟೇ ಸಮೃದ್ಧವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಪಾನೀಯಭೋಗಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ಕನ್ನಡ 'ಸೂಪಶಾಸ್ತ್ರ'ದಲ್ಲಿ ಪಾನಕಗಳಿಗೇ ಒಂದು ಭಾಗ ಮೀಸಲಾಗಿದೆ. ರಾಮನವಮಿಯಂದು ನಮ್ಮ ಮನೆಗಳಲ್ಲಿ ಬೆಲ್ಲ, ನೀರು, ನಿಂಬೆರಸಗಳಿಗೆ ಏಲಕ್ಕಿ, ಮೆಣಸು ಅಥವಾ ಶುಂಠಿಯನ್ನು ಸೇರಿಸಿ ಮಾಡುವ ಪಾನಕವನ್ನು ಎಲ್ಲರೂ ಬಲ್ಲರು. ಸಿಹಿ, ಹುಳಿ, ನೀರು, ಖಾರ ಎಂಬ ನಾಲ್ಕು ಅಂಗಗಳೂ ಅಲ್ಲಿ ಸಿದ್ಧವಾಗಿಯೇ ಇವೆ. ಸಾದೃಶ್ಯ ಮಾತ್ರದಿಂದ ಪಂಚ್ ನಮ್ಮ ಪಾನಕದ ಮಗಳೆಂದು ಸಾಧಿಸಲು ಬಾರದೆಂಬುದನ್ನೂ ಇಲ್ಲಿಯೇ ಹೇಳಬೇಕು. ಆದರೆ ಇಂಗ್ಲೆಂಡಿನಲ್ಲಿ ಪಂಚ್ ಮಾಡುವವರು ಸಕ್ಕರೆ ಮತ್ತು ನಿಂಬೆಯ ಮಿಶ್ರಣವನ್ನು ಮೊದಲು ಬೇರೆಯಾಗಿ ಸಿದ್ಧಪಡಿಸಿ ಅದಕ್ಕೆ 'ಶರ್ಬೆಟ್' ಎನ್ನುತ್ತಿದ್ದರು. ನಮ್ಮ ಶರಬತ್ತೇ ಅದು. ಅರಬಿ, ಪಾರಸಿ, ತುರ್ಕಿಗಳ ದಾರಿಯಿಂದ ಯುರೋಪನ್ನು ಸೇರಿದ ಶಬ್ದ. ಸಾರಾಯಿಗೆ ಅವರು ಬಳಸಿದ 'ಅರಾಕ್' ಎಂಬುದೂ ಬೆವರು ಎಂಬ ಅರ್ಥದ ಅರಬಿ ಶಬ್ದದಿಂದ ಬಂದುದೇ. ಪಂಚ್ ಎಂಬ ಹೆಸರಿಗಿಂತ ಅದರ ಅಂಗಗಳ ಹೆಸರುಗಳೇ ಏಷ್ಯದ ಋಣವನ್ನು ಹೆಚ್ಚು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತವೆ.

ಈ ಯೋಗವು ಕೋಠಿಗಳಲ್ಲಿಯೇ ಏಕೆ ರೂಢಿಗೆ ಬಂದಿತು? ಕಾರಣ ಸರಳವಾಗಿದೆ. ಯುರೋಪಿನಿಂದ ಬರುವ ದ್ರಾಕ್ಷಾಮದ್ಯ ದುಬಾರಿ. ಉಷ್ಣದಲ್ಲಿ ಅದು ಹಾಳಾಗುವುದೂ ಉಂಟು. ತೆಂಗಿನ ಕಳ್ಳಿನಿಂದ ಇಳಿಸಿದ ಸಾರಾಯಿ ಕರಾವಳಿಯಲ್ಲಿ ಅಗ್ಗವಾಗಿ ಸಿಕ್ಕುತ್ತಿತ್ತು; ಆದರೆ ಅದು ಬಿರುಸು. ಅದನ್ನು ಮೆದುಗೊಳಿಸುವ ನಿಂಬೆಯೂ ಸಕ್ಕರೆಯೂ ಪೇಟೆಯಲ್ಲಿಯೇ ಇದ್ದುವು. ೧೬೩೮ರಲ್ಲಿ ಕೋರ್ಟೀನ್ ಸಂಘದವರು ಮೆಣಸಿನ ವ್ಯಾಪಾರಕ್ಕಾಗಿ ಕೋಠಿ ತೆರೆದ ಕಾರವಾರವೂ ಗೋವೆಯ ಸಾರಾಯಿಗೆ ದೂರವಾಗಿರಲಿಲ್ಲ.

೫

ಕೋಠಿಯ ಮೇಜಿನಿಂದ ಹಡಗಿಗೆ, ಹಡಗಿನಿಂದ ಇಂಗ್ಲೆಂಡಿನ ಮನೆಗೆ ಈ ಪಾನೀಯ ನಡೆಯಿತು. ಜಾನ್ ಈವ್ಲಿನ್ ೧೬೬೨ರ ಜನವರಿಯಲ್ಲಿ ಥೇಮ್ಸ್ ನದಿಯಲ್ಲಿ ನಿಂತಿದ್ದ ಈಸ್ಟ್ ಇಂಡಿಯಾ ಹಡಗೊಂದರಲ್ಲಿ ನಡೆದ ಸತ್ಕಾರವನ್ನು ತನ್ನ ದಿನಚರಿಯಲ್ಲಿ ಬರೆಯುವಾಗ ಪಂಚನ್ನು ಹೆಸರಿಸಿದ್ದಾನೆ. ಮುಂದಿನ ನೂರು ವರ್ಷಗಳಲ್ಲಿ ಅದು ಅತಿಥಿಸತ್ಕಾರದ ಮುಖ್ಯ ಅಂಗವಾಯಿತು. ಚೀಣದ ಪಿಂಗಾಣಿ ಬೋಗುಣಿಗಳು ಅದಕ್ಕಾಗಿಯೇ ಹಡಗೇರಿ ಬಂದುವು. ಮನೆಯ ಯಜಮಾನನು ಎಲ್ಲರ ಎದುರಿಗೆ ತಾನೇ ಕಲಸಿ ರುಚಿ ನೋಡಿ ಹಂಚುವುದು ಗೌರವದ ಕೆಲಸವೆನಿಸಿತು.

ಮನೆಯಲ್ಲಿ ಅದನ್ನು ಮಾಡುತ್ತಿದ್ದ ಬಗೆಯನ್ನು ಚಾರ್ಲ್ಸ್ ಡಿಕನ್ಸ್ ೧೮೪೭ರ ಪತ್ರವೊಂದರಲ್ಲಿ ಸವಿಸ್ತಾರವಾಗಿ ತಿಳಿಸಿದ್ದಾನೆ. ಮೂರು ನಿಂಬೆಹಣ್ಣುಗಳ ಸಿಪ್ಪೆಯನ್ನು ಒಳಗಿನ ಬಿಳಿಯ ಭಾಗ ಬರದಂತೆ ತೆಳುವಾಗಿ ಹೆರೆದು ಗಟ್ಟಿಯಾದ ಪಾತ್ರೆಗೆ ಹಾಕಬೇಕು. ಎರಡು ಕೈ ತುಂಬ ಸಕ್ಕರೆ, ಒಂದು ಪೈಂಟ್ ರಮ್, ಒಂದು ದೊಡ್ಡ ಲೋಟ ಬ್ರಾಂಡಿ ಸೇರಿಸಿ ಬೆಂಕಿ ಹೊತ್ತಿಸಿ, ಮೂರು ನಾಲ್ಕು ನಿಮಿಷ ಉರಿಸಿ ಆರಿಸಬೇಕು. ಆ ಬಳಿಕ ಹಣ್ಣುಗಳ ರಸವನ್ನು ಹಿಂಡಿ, ಒಂದು ಕ್ವಾರ್ಟ್ ಕುದಿಯುವ ನೀರನ್ನು ಹೊಯ್ದು ಐದು ನಿಮಿಷ ಮುಚ್ಚಿಡಬೇಕು. ಇಲ್ಲಿಯೂ ದ್ರವ್ಯಗಳು ಐದೇ; ಆದರೆ ಸಂಬಾರವೇ ಇಲ್ಲ. ಈ ವಿಧಾನದ ಹಿಂದೆ ಅನುಭವಸಿದ್ಧವಾದ ರಸಾಯನವಿದೆ. ನಿಂಬೆಯ ಪರಿಮಳ ಇರುವುದು ರಸಕ್ಕಿಂತ ಹೆಚ್ಚಾಗಿ ಸಿಪ್ಪೆಯ ಎಣ್ಣೆಯಲ್ಲಿ. ಸಕ್ಕರೆಯ ಹರಳುಗಳು ಆ ಎಣ್ಣೆಯನ್ನು ಹೀರಿಕೊಳ್ಳುತ್ತವೆ, ಮದ್ಯಸಾರ ಅದನ್ನು ಕರಗಿಸಿಕೊಳ್ಳುತ್ತದೆ. ಬಿಳಿಯ ಭಾಗ ಸೇರಿದರೆ ಕಹಿ ಬರುತ್ತದೆ. ಜಾಯಿಕಾಯಿ, ಲವಂಗಗಳ ಎಣ್ಣೆಗಳೂ, ಮೆಣಸು ಮತ್ತು ಮೆಣಸಿನಕಾಯಿಗಳ ಖಾರದ ಸತ್ತ್ವಗಳೂ ನೀರಿಗಿಂತ ಮದ್ಯಸಾರದಲ್ಲಿ ಬೇಗ ಇಳಿಯುತ್ತವೆ. ಕೊಂಚ ಸಂಬಾರವೇ ಇಡೀ ಬೋಗುಣಿಗೆ ಸಾಲುತ್ತಿದ್ದುದು ಈ ಕಾರಣದಿಂದ.

ಆದರೆ ಆ ಬೋಗುಣಿಯೊಳಗೆ ಬಿದ್ದ ಒಂದೊಂದು ದ್ರವ್ಯಕ್ಕೂ ಮನೆಯ ಹೊರಗೊಂದು ಚರಿತ್ರೆ ಇದ್ದಿತು. ಪಂಚಿನ ಮೇಲೆ ತುರಿದು ಉದುರಿಸುತ್ತಿದ್ದ ಜಾಯಿಕಾಯಿ ಆಗ ಬೆಳೆಯುತ್ತಿದ್ದುದು ಬಾಂಡಾ ದ್ವೀಪಗಳಲ್ಲಿ ಮಾತ್ರ. ಅದರ ಏಕಸ್ವಾಮ್ಯಕ್ಕಾಗಿ ೧೬೨೧ರಲ್ಲಿ ಡಚ್ ಕಂಪನಿಯ ಕೂನ್ ಎಂಬ ಅಧಿಕಾರಿ ಆ ದ್ವೀಪಗಳ ಮೇಲೆ ದಂಡೆತ್ತಿ ಹೋದನು. ಮೂಲನಿವಾಸಿಗಳಲ್ಲಿ ಬಹುಪಾಲು ಜನ ಹತರಾದರು, ಗುಲಾಮರಾದರು ಅಥವಾ ಓಡಿಹೋದರು. ಇನ್ನು ಸಕ್ಕರೆ ಮತ್ತು ರಮ್. ಇಂಗ್ಲೆಂಡಿನಲ್ಲಿ ಸಾರಾಯಿಯ ಸ್ಥಾನಕ್ಕೆ ರಮ್ ಬಂದಂತೆ, ಪಂಚಿನ ಸಿಹಿಯೂ ಅಮಲೂ ಎರಡೂ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳನ್ನು, ಎಂದರೆ ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರ ದುಡಿಮೆಯನ್ನು, ಅವಲಂಬಿಸಿದುವು. ೧೭೯೧ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯನ್ನು ಪಾರ್ಲಿಮೆಂಟು ತಳ್ಳಿಹಾಕಿದಾಗ, ವಿಲಿಯಂ ಫಾಕ್ಸನ ಕಿರುಹೊತ್ತಗೆಯಿಂದ ಪ್ರೇರಿತವಾದ ಅನೇಕ ಕುಟುಂಬಗಳು ವೆಸ್ಟ್ ಇಂಡೀಸಿನ ಸಕ್ಕರೆಯನ್ನೂ ರಮ್ಮನ್ನೂ ವರ್ಜಿಸಿದುವು. ಮತದಾನದ ಹಕ್ಕಿಲ್ಲದ ಗೃಹಿಣಿಯರು ಅಡಿಗೆಮನೆಯಿಂದಲೇ ತಮ್ಮ ಮತವನ್ನು ಹೇಳಿದರು. ತರುವಾಯ ಈಸ್ಟ್ ಇಂಡೀಸಿನ ಸಕ್ಕರೆ ಗುಲಾಮರಿಂದ ಆದುದಲ್ಲವೆಂಬ ಬರಹವುಳ್ಳ ಸಕ್ಕರೆಯ ಬಟ್ಟಲುಗಳೂ ಬಂದುವು. ಗುಲಾಮರ ವ್ಯಾಪಾರ ೧೮೦೭ರಲ್ಲಿ ನಿಷಿದ್ಧವಾಯಿತು.

ನಿಂಬೆಯ ಕಥೆ ಬೇರೆ ಬಗೆಯದು. ೧೭೪೦ರಲ್ಲಿ ನೌಕಾಧಿಪತಿ ವೆರ್ನನ್ ತನ್ನ ನಾವಿಕರ ಅರ್ಧ ಪೈಂಟ್ ರಮ್ಮಿಗೆ ಒಂದು ಕ್ವಾರ್ಟ್ ನೀರು ಬೆರೆಸಬೇಕೆಂದು ಆಜ್ಞಾಪಿಸಿ, ಬೇಕಾದವರು ಸಕ್ಕರೆಯನ್ನೂ ನಿಂಬೆಯನ್ನೂ ಕೊಂಡು ಸೇರಿಸಿಕೊಳ್ಳಬಹುದೆಂದನು. ಅವನ ಲಕ್ಷ್ಯವಿದ್ದುದು ಅಮಲನ್ನು ತಗ್ಗಿಸುವುದರ ಮೇಲೆ. ೧೭೪೭ರಲ್ಲಿ ಜೇಮ್ಸ್ ಲಿಂಡ್ ಹಡಗಿನ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ನಿಂಬೆ ಮತ್ತು ಕಿತ್ತಳೆಗಳು ಸ್ಕರ್ವಿ ರೋಗವನ್ನು ಗುಣಪಡಿಸುವುವೆಂದು ಕಂಡಿತು. ಆದರೂ ಬ್ರಿಟಿಷ್ ನೌಕಾದಳದಲ್ಲಿ ನಿಂಬೆರಸದ ಹಂಚಿಕೆ ನಿಯಮವಾದುದು ೧೭೯೫ರಲ್ಲಿ. ಪಂಚ್ ಕುಡಿದವರಿಗೆ ಹುಳಿಯು ರುಚಿಗಾಗಿ ಮಾತ್ರ ದೊರೆತಿತ್ತು. ಅದರ ಗುಣವನ್ನು ಪ್ರಯೋಗದಿಂದ ತಿಳಿದು, ತಿಳಿದುದನ್ನು ಕಟ್ಟಳೆ ಮಾಡಲು ಅರ್ಧ ಶತಮಾನ ಹಿಡಿಯಿತು.

೬

ಹತ್ತೊಂಬತ್ತನೆಯ ಶತಮಾನದಲ್ಲಿ ಬೋಗುಣಿಯ ಕಾಲ ಮುಗಿಯುತ್ತ ಬಂದು, ಒಬ್ಬೊಬ್ಬನಿಗೆ ಒಂದೊಂದು ಲೋಟದಲ್ಲಿ ಬೆರೆಸಿ ಕೊಡುವ ಪದ್ಧತಿ ಬಲವಾಯಿತು. 'ಕಾಕ್‌ಟೇಲ್' ಎಂಬುದಕ್ಕೆ ಅಮೆರಿಕದ ಪತ್ರಿಕೆಯೊಂದು ೧೮೦೬ರಲ್ಲಿ ಮದ್ಯ, ಸಕ್ಕರೆ, ನೀರು, ಕಹಿಸಾರ ಎಂದು ಲಕ್ಷಣ ಹೇಳಿತು. ೧೮೬೨ರಲ್ಲಿ ಜೆರ್ರಿ ಥಾಮಸ್ ಪ್ರಕಟಿಸಿದ ಕೈಪಿಡಿಯಲ್ಲಿ ಪಂಚಿನ ವಿಧಾನಗಳು ಇನ್ನೂ ಹೇರಳವಾಗಿಯೇ ಇವೆ. ಅಮೆರಿಕದಿಂದ ಪೋರ್ತುಗೀಜರ ಮೂಲಕ ಹದಿನಾರನೆಯ ಶತಮಾನದಲ್ಲಿ ನಮ್ಮ ನಾಡಿಗೆ ಬಂದ ಮೆಣಸಿನಕಾಯಿ ಇಂದಿನ ಮನೆಗಳ ಮಿಶ್ರಪಾನೀಯಗಳಲ್ಲಿ ಜಾಯಿಕಾಯಿಯ ಸ್ಥಾನವನ್ನು ಹಿಡಿದಿದೆ. ಇತ್ತ ಈ ಪಾನೀಯಕ್ಕೆ ಮೂಲಾಧಾರವಾಗಿದ್ದ ಸಾರಾಯಿಯ ಮಾರಾಟವನ್ನು ಕರ್ನಾಟಕ ಸರಕಾರ ೨೦೦೭ರಲ್ಲಿ ನಿಷೇಧಿಸಿತು. ಬಡವರ ಮನೆಗಳನ್ನು ಅದು ಹಾಳುಗೆಡವುತ್ತದೆಂಬ ಹೆಂಗಸರ ದೀರ್ಘಕಾಲದ ಕೂಗು ಆ ನಿರ್ಣಯದ ಹಿಂದೆ ಇತ್ತು. ಬರ್ನಿಯರನೂ ಫ್ರೈಯರನೂ ಗುರುತಿಸಿದ ಹಾನಿ ಕೇವಲ ಹಳೆಯ ಕಾಲದ ಸಂಗತಿಯಲ್ಲವೆಂಬುದಕ್ಕೆ ಇದು ಸಾಕ್ಷಿ.

ಈ ವಿಮರ್ಶೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹಿಸಬಹುದು. ಪಂಚ್ ಎಂಬ ಹೆಸರು 'ಪಂಚ' ಶಬ್ದದಿಂದ ಬಂದಿತೆಂಬುದು ಸಿದ್ಧವಾಗಿಲ್ಲ. ಉಚ್ಚಾರಣೆಯೂ ಅತ್ಯಂತ ಹಳೆಯ ಸಾಕ್ಷಿಗಳೂ ಅದಕ್ಕೆ ಅನುಕೂಲವಾಗಿಲ್ಲ. ಆದರೂ ಆ ಪಾನೀಯವು ಭಾರತದ ಕೋಠಿಗಳಲ್ಲಿ, ಇಲ್ಲಿಯ ಸಾರಾಯಿ, ನಿಂಬೆ, ಸಕ್ಕರೆಗಳಿಂದ, ಮನೆ ಬಿಟ್ಟು ಬಂದ ಪರದೇಶೀಯರ ಕೈಯಲ್ಲಿ ಬೆಳೆಯಿತೆಂಬುದರಲ್ಲಿ ಸಂದೇಹವಿಲ್ಲ. ಒಂದು ಶಬ್ದ ನಮ್ಮದಾಯಿತೆಂದು ಹೆಮ್ಮೆಪಡುವುದರಿಂದ ಆಗುವ ಲಾಭ ಅಲ್ಪ. ಹೆಸರನ್ನು ವಿವರಿಸುವ ಕಥೆ ಎಷ್ಟೇ ಅಂದವಾಗಿದ್ದರೂ ಅದನ್ನು ಬದಿಗಿಟ್ಟು, ಒಂದೊಂದು ದ್ರವ್ಯ ಎಲ್ಲಿಂದ, ಯಾರ ದುಡಿಮೆಯಿಂದ, ಯಾವ ಬೆಲೆಗೆ ಆ ಬೋಗುಣಿಯನ್ನು ಸೇರಿತೆಂದು ವಿಚಾರಿಸಿದರೆ ಮೂರು ಖಂಡಗಳ ಚರಿತ್ರೆ ನಮ್ಮ ಕಣ್ಣೆದುರಿಗೆ ಬರುತ್ತದೆ. ಕಾಫಿ, ಚಹಾ, ಹೊಗೆಸೊಪ್ಪು, ಮೆಣಸಿನಕಾಯಿ ಮೊದಲಾದ ದಿನಬಳಕೆಯ ವಸ್ತುಗಳ ವಿಷಯದಲ್ಲಿಯೂ ನಮ್ಮ ಕರಾವಳಿಯ ದಾಖಲೆಗಳನ್ನು ಆಧರಿಸಿ ಇದೇ ಕ್ರಮದ ಅಧ್ಯಯನಗಳು ನಡೆಯಬೇಕಾದುದು ಅವಶ್ಯಕ.